ಕಿನ್ನಾಳ ಗರುಡ: ರೆಕ್ಕೆ ಕೂತವು, ಬಣ್ಣ ಇನ್ನೂ ದೂರ

ಮನೆಯಲ್ಲಿ ಕಿನ್ನಾಳ ಗೊಂಬೆಯ ರೀತಿಯಲ್ಲಿ ಮಾಡುತ್ತಿರುವ ನನ್ನ ಗರುಡನಿಗೆ ಅಂತೂ ರೆಕ್ಕೆ ಕೂತವು. ಹಿಂದಿನ ಸಲ ಬರೆದಾಗ ಮೈ, ಕೈ, ರೆಕ್ಕೆ, ಕಿರೀಟ ಎಲ್ಲ ಬಿಡಿಬಿಡಿಯಾಗಿ ನಡುಮನೆಯ ಗೋಡೆಗೂಡಿನಲ್ಲಿ ಬಿದ್ದಿದ್ದವು. ಈಗ ಮಂಡಿಯೂರಿ ಕೈ ಮುಗಿದು ಕೂತಿದ್ದಾನೆ.

ಕೊಪ್ಪಳದವನಾಗಿ, ನಮ್ಮ ಜಿಲ್ಲೆಯದೇ ಊರಾದ ಕಿನ್ನಾಳದ ಮರದ ಗೊಂಬೆಗಳನ್ನು ಷೋಕೇಸಿನಲ್ಲಿ ನೋಡಿಯೇ ಬೆಳೆದೆ. ಕೆತ್ತಿ ಬಣ್ಣ ಬಳಿದರೆ ಮುಗೀತು ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಹಗುರ ಕಟ್ಟಿಗೆ ಇಲ್ಲಿ ಬರೀ ಎಲುಬು. ಮಾಂಸ, ಚರ್ಮ, ಒಡವೆ ಎಲ್ಲ ಅಂಟಿನ ಮೇಲೆ ನಿಂತಿವೆ. ಅದರಲ್ಲೂ ಹುಣಸೆಬೀಜದ ಅಂಟು.

ಇಷ್ಟು ದಿನ ಹೋದದ್ದು ಕಿಟ್ಟಕ್ಕೆ, ಅಂದರೆ ಕಟ್ಟಿಗೆಯ ಮೇಲೆ ಮೆತ್ತುವ ಕಣಕಕ್ಕೆ. ಹಳೆ ಗೋಣಿಚೀಲ ನೆನೆಹಾಕಿ, ಸಣ್ಣಗೆ ಕತ್ತರಿಸಿ, ಒಣಗಿಸಿ ಪುಡಿ ಮಾಡಬೇಕು. ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ ಕುದಿಸಿದರೆ ಅಂಟು. ಅದರಲ್ಲಿ ಗೋಣಿ ಪುಡಿ, ಕಟ್ಟಿಗೆ ಹೊಟ್ಟು ಕಲಸಿ ನಾದಿದರೆ ಕಿಟ್ಟ. ಅವ್ವ ಮಿಕ್ಸರ್ ಮುಟ್ಟಗೊಡಲಿಲ್ಲ. “ಚಟ್ನಿ ಮಾಡೋ ಜಾರಿನಾಗ ಅಂಟು ರುಬ್ತೀಯೇನು? ಒಳಕಲ್ಲು ಐತಿ ನೋಡು, ಹೋಗು.” ಹೋದೆ. ರಟ್ಟೆ ಬಿದ್ದುಹೋದವು, ಆದರೆ ಅಂಟು ನುಣ್ಣಗಾಯಿತು. ಹದ ಬಂದ ಕಿಟ್ಟ ಕಟ್ಟಿಗೆಯನ್ನು ಕಚ್ಚುತ್ತದೆ, ಬೆರಳನ್ನು ಬಿಡುತ್ತದೆ. ರೆಕ್ಕೆಯ ಬುಡ, ಮೊಣಕೈ, ಕೊಕ್ಕಿನ ಬಾಗು, ಕೆನ್ನೆಯ ಉಬ್ಬು ಇವೆಲ್ಲ ಉಳಿಯಿಂದ ಬಂದವಲ್ಲ, ಹೆಬ್ಬೆರಳಿನಿಂದ ಬಂದವು.

ಒಣಗಿಸುವ ವಿಷಯದಲ್ಲಿ ಈ ಗೊಂಬೆ ಮಾಡುವ ಕಿನ್ನಾಳದ ಚಿತ್ರಗಾರ ಮನೆತನದ ಹಿರಿಯರೊಬ್ಬರು ಮೊದಲೇ ಹೇಳಿದ್ದರು: “ಅವಸರ ಮಾಡಬ್ಯಾಡ್ರಿ, ನೆರಳಾಗ ಒಣಗಸ್ರಿ. ಬಿಸಲಿಗಿಟ್ರ ಬಿರಕ ಬಿಡತೈತಿ.” ನಮ್ಮ ಬಿಸಿಲು ಗೊತ್ತಲ್ಲ. ಫ್ಯಾನೂ ಹಾಕದೆ ಬಿಟ್ಟೆ.

ಕಿಟ್ಟ ಒಣಗಿದ ಮೇಲೆ ಹಳೆ ಪಂಚೆಯ ಚೂರುಗಳನ್ನು ಅದೇ ಅಂಟಿನಲ್ಲಿ ಅದ್ದಿ ಮೈತುಂಬ ಅಂಟಿಸಿದ್ದಾಯಿತು. ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಬಣ್ಣ ಹಿಡಿಯಲು. ಮರಳುಕಾಗದ ಹಚ್ಚಿ ಉಜ್ಜಿದರೆ ಬೆರಳಿಗೆ ಜೋಡಣೆಯ ಗೆರೆಯೇ ಸಿಗುವುದಿಲ್ಲ.

ಸದ್ಯ ಒಡವೆ ನಡೆದಿದೆ. ನನಗೆ ಇಡೀ ಕೆಲಸದಲ್ಲಿ ಇಷ್ಟವಾದದ್ದು ಇದೇ. ಕಲ್ಲಿನ ಪುಡಿಯನ್ನು ಅಂಟಿನಲ್ಲಿ ಕಲಸಿ ಕುಂಚದ ತುದಿಯಿಂದ ಹನಿಹನಿಯಾಗಿ ಇಡುವುದು. ಒಂದು ಹನಿ ಒಂದು ಮಣಿ. ತೆಳುವಾದರೆ ಹರಡುತ್ತದೆ, ಗಟ್ಟಿಯಾದರೆ ಬಾಲ ಬಿಡುತ್ತದೆ. ಕೊರಳಸರ ಮುಗಿದಿದೆ, ತೋಳಬಂದಿ ಅರ್ಧ, ಕಿರೀಟ ಬಾಕಿ. ಹಂಪಿಯ ವಿರೂಪಾಕ್ಷ ಗುಡಿಯ ರಂಗಮಂಟಪದ ಒಳಛಾವಣಿಯ ಚಿತ್ರಗಳನ್ನು ಬರೆದವರು ಈ ಚಿತ್ರಗಾರರ ಪೂರ್ವಜರೇ ಅನ್ನುವ ಮಾತುಂಟು. ಅಲ್ಲಿನ ಒಡವೆಗಳ ಫೋಟೊ ಮುಂದಿಟ್ಟುಕೊಂಡೇ ಕೂರುತ್ತೇನೆ.

ಕಿನ್ನಾಳ ಗೊಂಬೆಗೆ ಭೌಗೋಳಿಕ ಸೂಚಕ (ಜಿಐ ಟ್ಯಾಗ್, ಊರಿನ ಹೆಸರಿಗೆ ಸಿಗುವ ಕಾನೂನಿನ ರಕ್ಷಣೆ) ಸಿಕ್ಕಿದೆ. ಮನೆಯಲ್ಲಿ ಹವ್ಯಾಸಕ್ಕೆ ಮಾಡಿದ ನನ್ನ ಗರುಡನನ್ನು ಆ ಹೆಸರಿನಲ್ಲಿ ಮಾರುವ ಪ್ರಶ್ನೆಯೇ ಇಲ್ಲ, ಮಾರುತ್ತೀಯಾ ಎಂದು ಕೇಳಿದವರಿಗೆ ಇದೇ ಉತ್ತರ. ಬೇಕಿದ್ದವರು ಕಿನ್ನಾಳಕ್ಕೇ ಹೋಗಿ ಕೊಳ್ಳಿ.

ಮುಂದಿನದು ಬಣ್ಣ: ಮೈಗೆ ಹಸಿರು, ರೆಕ್ಕೆಗೆ ಕೆಂಪು. ಒಡವೆಗೆ ಡಬ್ಬಿಯ ಗೋಲ್ಡ್ ಪೇಂಟ್ ಬಳಿಯುವ ಮನಸ್ಸಿಲ್ಲ. ತವರದಿಂದ ಹೊಳಪು ತರುವ ಲಾಜವಾರ ಕೆಲಸವನ್ನು ಹತ್ತಿರ ಕೂತು ನೋಡಲು, ನೆರಳಲ್ಲಿ ಒಣಗಿಸಲು ಹೇಳಿದ್ದ ಆ ಹಿರಿಯರೇ ಬರಹೇಳಿದ್ದಾರೆ. ಅಲ್ಲಿಯವರೆಗೆ ಕಿರೀಟದ ಮಣಿ ಮುಗಿಸಬೇಕು.