ಅರ್ಧ ಉಳಿ, ಅರ್ಧ ಲೇಸರ್

ಹೋದ ತಿಂಗಳು ಒಂದು ಚಿಕ್ಕ ಪ್ರದರ್ಶನದಲ್ಲಿ ನನ್ನ ವುಡ್‌ಕಟ್ (ಮರದ ಹಲಗೆ ಕೊರೆದು ಹಾಳೆಗೆ ಅಚ್ಚು ಹಾಕಿದ ಚಿತ್ರ) ಒಂದರ ಮುಂದೆ ಹಿರಿಯರೊಬ್ಬರು ತುಂಬಾ ಹೊತ್ತು ನಿಂತಿದ್ದರು. ತೀರ್ಥಹಳ್ಳಿ ಕಡೆಯ ನಮ್ಮಜ್ಜನ ಮನೆ ಹಿತ್ತಿಲು, ಹಲಸಿನ ಮರ, ಮಳೆ. "ಎಲ್ಲಾ ನೀನೇ ಕೊರೆದಿದ್ದೇನಮ್ಮಾ?" ಅಂತ ಕೇಳಿದರು. ಕಪ್ಪು ಗೆರೆಯ ಬ್ಲಾಕ್ ನಾನು ಕೊರೆದಿದ್ದು ಸಾರ್, ಬಣ್ಣದ ಎರಡು ಬ್ಲಾಕ್ ಲೇಸರ್ ಮಷಿನ್ ಕೊರೆದಿದ್ದು ಅಂದೆ. ಅವರ ಮುಖ ಸಪ್ಪಗಾಯಿತು. "ಹಾಗಾದ್ರೆ ಅರ್ಧ ಕಂಪ್ಯೂಟರ್ ಮಾಡಿದ್ದು ಅನ್ನು" ಅಂದು ಮುಂದೆ ಹೋದರು. ಆವತ್ತು ಅವರಿಗೆ ಹೇಳಲಾಗದೆ ಉಳಿದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಲ ಮೂರೂ ಬ್ಲಾಕನ್ನು ಲೇಸರ್‌ಗೇ ಕೊಟ್ಟಿದ್ದೆ. ಟ್ಯಾಬ್ಲೆಟ್ಟಿನಲ್ಲಿ ಚಿತ್ರ ಬರೆದು, ಎಡಬಲ ಉಲ್ಟಾ ಮಾಡಿ, ಫೈಲ್ ಕಳಿಸಿದರೆ ಆಯಿತು. ಬಿಳಿ ಉಳಿಯಬೇಕಾದ ಜಾಗವನ್ನೆಲ್ಲ ಮಷಿನ್ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡಾಡುತ್ತಾ ಸುಡುತ್ತದೆ. ಒಂದು ಬ್ಲಾಕಿಗೆ ಎರಡೂವರೆ ಗಂಟೆ. ನನಗೆ ಅದೇ ಕೆಲಸ ನಾಲ್ಕು ದಿನ. ಸುಟ್ಟ ಮಸಿಯನ್ನು ಹಳೇ ಟೂತ್‌ಬ್ರಶ್ಶಿನಲ್ಲಿ ಉಜ್ಜಿ ತೆಗೆಯಬೇಕು, ಇಲ್ಲದಿದ್ದರೆ ಹಳದಿ ಇಂಕ್ ಕಂದಾಗಿಬಿಡುತ್ತದೆ, ಮೊದಲ ಪ್ರೂಫಿನಲ್ಲಿ, ಅಂದರೆ ಪರೀಕ್ಷೆಗೆ ತೆಗೆದ ಅಚ್ಚಿನಲ್ಲಿ, ನನಗೆ ಆದದ್ದು ಅದೇ.

ಆದರೆ ಮಸಿ ತೊಳೆದ ಮೇಲೂ ಆ ಪ್ರಿಂಟ್ ನನಗೆ ಹಿಡಿಸಲಿಲ್ಲ. ಏನು ಕಡಿಮೆ ಅಂತ ತಿಳಿಯೋದಕ್ಕೆ ಒಂದು ವಾರ ಬೇಕಾಯಿತು. ವಿ ಆಕಾರದ ಉಳಿಯನ್ನು ಒತ್ತಿದಷ್ಟೂ ಅದು ಆಳಕ್ಕೆ ಹೋಗುತ್ತದೆ, ಆಳಕ್ಕೆ ಹೋದಷ್ಟೂ ಗೀರು ಅಗಲವಾಗುತ್ತದೆ. ಕೈ ಸಡಿಲ ಬಿಟ್ಟರೆ ಗೀರು ತೆಳ್ಳಗಾಗಿ ಮುಗಿಯುತ್ತದೆ. ಮರದ ಎಳೆಗೆ ಅಡ್ಡ ಹೋದರೆ ಉಳಿ ತಡೆಯುತ್ತದೆ, ಗಂಟು ಸಿಕ್ಕರೆ ಸುತ್ತಿಕೊಂಡು ಹೋಗಬೇಕು. ಹೀಗೆ ಪ್ರತಿ ಗೆರೆಯಲ್ಲೂ ಮರ ನನ್ನ ಚಿತ್ರವನ್ನು ಒಂಚೂರು ತಿದ್ದುತ್ತದೆ. ಲೇಸರ್‌ಗೆ ಮರ ಅಡ್ಡ ಬರುವುದೇ ಇಲ್ಲ. ಟ್ಯಾಬ್ಲೆಟ್ಟಿನಲ್ಲಿ ಏನು ಬರೆದಿದ್ದೆನೋ ಅದನ್ನೇ ಒಪ್ಪಿಸಿತ್ತು, ನಯವಾದ ಗಾಜಿನ ಮೇಲೆ ಬರೆದ ಗೆರೆ ಹಾಗೇ ಪೇಪರಿಗೆ ಬಂದಿತ್ತು.

ಇನ್ನೊಂದು ತೊಂದರೆ ಇತ್ತು. ಕೈಯಲ್ಲಿ ಕೊರೆಯುವವರು ಗೆರೆಯ ಎರಡೂ ಬದಿಗೆ ಇಳಿಜಾರು ಬಿಡುತ್ತಾರೆ, ಹೊಲದ ಬದುವಿನ ಹಾಗೆ, ಬುಡ ಅಗಲ, ತುದಿ ಸಣ್ಣ. ಲೇಸರ್ ನೇರ ಗೋಡೆ ಕೊರೆದಿತ್ತು. ಬ್ಲಾಕಿನ ಮೇಲಿಟ್ಟು ಉಜ್ಜಿ ಅಚ್ಚು ತೆಗೆದ ಮೂರನೇ ಹಾಳೆಗೇ ಎಲೆಯ ನರಗಳು ಮುರಿದು ಹೋದವು. ಇದಕ್ಕೆ ಅನೇಕ ಮಷಿನ್‌ಗಳಲ್ಲಿ ಸ್ಟ್ಯಾಂಪ್ ಮೋಡ್ ಅಂತ ಒಂದು ಸೆಟ್ಟಿಂಗ್ ಇರುತ್ತದೆ, ರಬ್ಬರ್ ಸ್ಟ್ಯಾಂಪ್ ಮಾಡುವವರಿಗಾಗಿ. ಅದು ಗೆರೆಗೆ ಇಳಿಜಾರು ಬಿಡುತ್ತದೆ. ಕೊರೆಯುವವರ ಕೈ ಎಂದೋ ಕಲಿತಿದ್ದನ್ನು ಮಷಿನ್ನಿಗೂ ಕಲಿಸಬೇಕಾಯಿತು, ಅಲ್ವಾ.

ಹಾಗಾಗಿ ಕೆಲಸ ಹಂಚಿಬಿಟ್ಟೆ. ಗೆರೆಯ ಬ್ಲಾಕ್ ನನ್ನದು. ಬಣ್ಣದ ಬ್ಲಾಕುಗಳಲ್ಲಿ ಬರೀ ದೊಡ್ಡ ದೊಡ್ಡ ಜಾಗ, ಅಲ್ಲಿ ಮರದ ಜೊತೆ ವಾದ ಮಾಡುವುದಕ್ಕೆ ಏನೂ ಇಲ್ಲ, ಅವು ಲೇಸರ್‌ಗೆ. ಇದರಿಂದ ಸಿಕ್ಕ ನಿಜವಾದ ಲಾಭ ಬಣ್ಣವನ್ನು ಗೆರೆಗೆ ಸರಿಯಾಗಿ ಕೂಡಿಸುವುದರಲ್ಲಿ. ಜಪಾನಿನವರು ಬ್ಲಾಕಿನ ಮೇಲೇ ಹಾಳೆ ಇಡುವುದಕ್ಕೆ ಒಂದು ಮೂಲೆ, ಒಂದು ಅಂಚು ಕೊರೆಯುತ್ತಾರೆ, ಕೆಂಟೊ ಅಂತಾರೆ. ಮೂರು ಬ್ಲಾಕಿನಲ್ಲೂ ಅದು ಕೂದಲೆಳೆಯಷ್ಟೂ ತಪ್ಪಬಾರದು. ನಾನು ಕೈಯಲ್ಲಿ ಕೊರೆದಾಗ 18 ಹಾಳೆಯಲ್ಲಿ 7 ಹಾಳಾಗಿದ್ದವು, ಹಸಿರು ಎಲೆಯಿಂದ ಆಚೆಗೆ ಸರಿದಿತ್ತು. ಈಗ ಗೆರೆಯ ಬ್ಲಾಕಿಗೂ ಕೆಂಟೊ ಮಾತ್ರ ಲೇಸರ್‌ನಲ್ಲೇ ಹಾಕಿಸುತ್ತೇನೆ.

ಲೇಸರ್ ಬಳಸುವವರು ಒಂದು ವಿಷಯ ನೆನಪಿಡಿ. ಮರದ ಬದಲು ಕೊರೆಯುವುದಕ್ಕೆ ಲಿನೋಲಿಯಂ ಅಂತ ಮಾರುವ ಶೀಟುಗಳಲ್ಲಿ ಕೆಲವು ಪಿವಿಸಿ ಪ್ಲಾಸ್ಟಿಕ್. ಅದನ್ನು ಲೇಸರ್‌ಗೆ ಇಡಲೇಬೇಡಿ. ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಶ್ವಾಸಕೋಶಕ್ಕೂ ಕೆಟ್ಟದ್ದು, ಮಷಿನ್ನಿಗೂ ಕೆಟ್ಟದ್ದು. ಅಗಸೆ ಎಣ್ಣೆ, ಬೆಂಡಿನ ಪುಡಿ ಸೇರಿಸಿ ಗೋಣಿಬಟ್ಟೆಯ ಮೇಲೆ ಮಾಡಿದ ಅಸಲಿ ಲಿನೋಲಿಯಂ ಆದರೆ ಆಗುತ್ತದೆ, ಹೊಗೆ ಎಳೆಯುವ ಫ್ಯಾನ್ ಇರಬೇಕು ಅಷ್ಟೇ.

ಈಗ ಆ ಹಿರಿಯರ ಮಾತಿಗೆ ಬರುತ್ತೇನೆ. ಎಲ್ಲವನ್ನೂ ಒಬ್ಬರೇ ಮಾಡಬೇಕು ಅನ್ನುವುದು ಈ ಕಲೆಯ ಹಳೇ ನಿಯಮವೇನಲ್ಲ. ಜಪಾನಿನ ಕಲಾವಿದ ಹೊಕುಸಾಯಿಯ ದೊಡ್ಡ ಅಲೆಯ ಚಿತ್ರ ಎಲ್ಲರೂ ನೋಡಿರುತ್ತೀರಿ, 1831ರ ಸುಮಾರಿನದು. ಅವನು ಚಿತ್ರ ಬರೆದ, ಕೊರೆದವರು ಬೇರೆ, ಅಚ್ಚು ಹಾಕಿದವರು ಬೇರೆ. ಅದರಲ್ಲಿನ ನೀಲಿ ಪ್ರಷ್ಯನ್ ಬ್ಲೂ, ಬರ್ಲಿನ್ನಿನಲ್ಲಿ ಹುಟ್ಟಿದ ರಾಸಾಯನಿಕ ಬಣ್ಣ, ಆ ಕಾಲದ ಜಪಾನಿಗೆ ಹೊಸ ಟೆಕ್ನಾಲಜಿಯೇ.

ಅಷ್ಟು ದೂರ ಯಾಕೆ, ಮಂಗಳೂರಿನ ಕಲ್ಲಚ್ಚು ನೋಡಿ. ಸುಣ್ಣಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಬರೆದು, ಕಲ್ಲನ್ನು ಒದ್ದೆ ಮಾಡಿ ಇಂಕ್ ಉರುಳಿಸಿದರೆ ಜಿಡ್ಡು ಇರುವ ಕಡೆ ಮಾತ್ರ ಇಂಕ್ ಹಿಡಿಯುತ್ತದೆ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್ನಿನವರು 1841ರಲ್ಲಿ ಅಲ್ಲಿ ಶುರು ಮಾಡಿದ್ದು ಇಂಥ ಪ್ರೆಸ್. 1843ರ ಜುಲೈ 1ರಂದು ಬಂದ ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರವೂ ಕಲ್ಲಚ್ಚಿನದೇ. ಅಚ್ಚಿನ ಮೊಳೆಗಳಿರಲಿಲ್ಲ, ಒತ್ತಕ್ಷರ ಜೋಡಿಸುವ ಗೋಜೂ ಇರಲಿಲ್ಲ. ಅಂದರೆ ನಮ್ಮ ಮೊದಲ ಪತ್ರಿಕೆ ಓದಿದವರು ಯಾರದೋ ಕೈಬರಹ ಓದಿದ್ದರು, ಅದೂ ಆ ಕಾಲದ ಹೊಸ ಯಂತ್ರದ ಮೂಲಕ. ಇದು ನನಗೆ ತುಂಬಾ ಇಷ್ಟವಾದ ಸಂಗತಿ.

ಆದರೂ ಅವರ ಬೇಸರದಲ್ಲಿ ಒಂದು ನ್ಯಾಯ ಇದೆ. ಅವರು ಕೇಳದೇ ಇದ್ದಿದ್ದರೆ ಗೊತ್ತಾಗುತ್ತಲೇ ಇರಲಿಲ್ಲ, ಯಾಕೆಂದರೆ ಗೋಡೆಯ ಚೀಟಿಯಲ್ಲಿ ಸುಮ್ನೆ "ವುಡ್‌ಕಟ್" ಅಂತ ಇತ್ತು. ಅದು ಸರಿಯಲ್ಲ. ಈಗ ಪ್ರತಿ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯುತ್ತೇನೆ: ಗೆರೆ ಉಳಿಯಲ್ಲಿ, ಬಣ್ಣ ಲೇಸರ್‌ನಲ್ಲಿ, ಅಚ್ಚು ಮರದ ಚಮಚದಲ್ಲಿ ಉಜ್ಜಿ ತೆಗೆದದ್ದು.

ಎಡಿಷನ್ನಿನಲ್ಲಿ, ಅಂದರೆ ಈ ಚಿತ್ರದ ಒಟ್ಟು ಪ್ರತಿಗಳಲ್ಲಿ, 11 ಹಾಳೆ ಆಗಿದೆ, ಇನ್ನು 7 ಬಾಕಿ. ನಾಲ್ಕು ದಿನದಿಂದ ಬಿಡದೆ ಮಳೆ. ಪ್ಲೈವುಡ್ ಊದಿಕೊಂಡು ಹಸಿರು ಬ್ಲಾಕಿನ ಕೆಂಟೊ ಅರ್ಧ ಮಿಲಿಮೀಟರ್ ಸರಿದಿದೆ, ಲೇಸರ್ ಹಾಕಿದ್ದೂ ಸರಿಯುತ್ತದೆ. ಒಣ ಹವೆ ಬರುವವರೆಗೆ ಬ್ಲಾಕುಗಳನ್ನು ಅಕ್ಕಿ ಡಬ್ಬದ ಪಕ್ಕ ನಿಲ್ಲಿಸಿಟ್ಟಿದ್ದೇನೆ.