ಎರಡು ನಿಮಿಷದ ಧ್ವನಿಮುದ್ರಣ

ಹೊಸನಗರ ತಾಲ್ಲೂಕಿನ ನಮ್ಮ ಶಾಲೆಯಲ್ಲಿ ಮಳೆಗಾಲದಲ್ಲಿ ಮಗುವಿನ ಓದನ್ನು ಮುದ್ರಿಸಿಕೊಳ್ಳುವುದು ಕಷ್ಟ. ಹೆಂಚಿನ ಮೇಲೆ ಸುರಿಯುವ ಮಳೆಯ ಸದ್ದು ಎಲ್ಲ ದನಿಯನ್ನೂ ನುಂಗುತ್ತದೆ. ಆದರೂ ಆ ಜುಲೈನಲ್ಲಿ ಮುದ್ರಿಸಲೇಬೇಕಿತ್ತು. ಓದು ಕಲಿಸುವ ಕೌಶಲಕ್ಕೆಂದೇ ಇದ್ದ ಮೈಕ್ರೋ ಕ್ರೆಡೆನ್ಷಿಯಲ್ ಒಂದಕ್ಕೆ, ಅಂದರೆ ಕಿರು ಪ್ರಮಾಣಪತ್ರಕ್ಕೆ, ಹೆಸರು ಕೊಟ್ಟಿದ್ದೆ.

ಅದಕ್ಕೆ ಮೊದಲು ಸರ್ಕಾರದ ಆನ್‌ಲೈನ್ ಕಲಿಕಾ ವೇದಿಕೆ ದೀಕ್ಷಾದಲ್ಲಿ ಶಿಕ್ಷಕರ ತರಬೇತಿಯ ನಿಷ್ಠಾ ಕೋರ್ಸುಗಳನ್ನು ಮುಗಿಸಿದ್ದೆ. ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನದವೇ 12 ಇದ್ದವು. ವಿಡಿಯೊ ನೋಡಿ, ಉತ್ತರ ಗುರುತಿಸಿ, ಶೇ 70 ಅಂಕ ಬಂದರೆ ಪ್ರಮಾಣಪತ್ರ. ಅವುಗಳಿಂದ ಕಲಿತದ್ದು ಸಾಕಷ್ಟಿದೆ. ಆದರೆ ನನ್ನ ತರಗತಿಯೊಳಗೆ ಯಾರೂ ಇಣುಕಿರಲಿಲ್ಲ. ಈ ಬಾರಿ ಪಾಠಯೋಜನೆಯ ಜೊತೆ ಮಗು ಓದಿದ ಧ್ವನಿಯನ್ನೂ ಕಳಿಸಬೇಕಿತ್ತು.

ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿಯ ಮೂರನೇ ತರಗತಿಯ ಹುಡುಗನೊಬ್ಬ ಓದಿದ. ಮೂರನೇ ತರಗತಿ ಮುಗಿಯುವಷ್ಟರಲ್ಲಿ ನಿಮಿಷಕ್ಕೆ 60 ಪದ ಓದಬೇಕೆಂಬುದು ಕೇಂದ್ರದ ಬುನಾದಿ ಕಲಿಕೆಯ ಯೋಜನೆ ನಿಪುಣ್ ಭಾರತ್‌ನ ಗುರಿ. ‘ಗೂಡಿನೊಳಗಿನಿಂದಲೇ’ ಎಂಬುದೂ ಕನ್ನಡದಲ್ಲಿ ಒಂದೇ ಪದ. ಈ ಎಣಿಕೆ ನಮ್ಮ ಮಕ್ಕಳಿಗೆ ನ್ಯಾಯ ಒದಗಿಸುವುದಿಲ್ಲವೆಂದು ಇಂದಿಗೂ ನಂಬಿದ್ದೇನೆ. ಆದರೂ ಆ ಎಣಿಕೆ ಮುಟ್ಟಿಸುವ ಆತುರ ಆ ದಿನ ನನಗೂ ಇತ್ತು.

ಕಳಿಸಿದ ಮುದ್ರಣ ಅದನ್ನು ಪರಿಶೀಲಿಸಿದವರ ಟಿಪ್ಪಣಿಯೊಂದಿಗೆ ಮರಳಿ ಬಂತು. ‘ಮಗು ತಡವರಿಸಿದ ಕಡೆಯೆಲ್ಲ ನೀವೇ ಓದಿದ್ದೀರಿ. ಮತ್ತೊಮ್ಮೆ ಕಳಿಸಿ.’ ಓದಿ ನೋವಾಯಿತು. ರಾತ್ರಿ ಕೂತು ಕೇಳಿದೆ. ನಿಜ. ಅವನು ಒತ್ತಕ್ಷರದ ಮುಂದೆ ನಿಂತರೆ ಸಾಕು, ನನ್ನ ದನಿ ಬರುತ್ತಿತ್ತು. ಇಷ್ಟು ವರ್ಷ ಎಷ್ಟು ಮಕ್ಕಳ ಬಾಯಿಂದ ಪದ ಕಸಿದುಕೊಂಡಿದ್ದೇನೋ ಎನಿಸಿ ನಿದ್ದೆ ಬರಲಿಲ್ಲ.

ಮರುವಾರ ಮಳೆ ಹೊಳವಾದ ಒಂದು ಮಧ್ಯಾಹ್ನ ಇಬ್ಬರೂ ಜಗಲಿಯಲ್ಲಿ ಕೂತೆವು. ‘ತೊಟ್ಟಿಕ್ಕುತ್ತಿತ್ತು’ ಎಂಬಲ್ಲಿ ಅವನು ನಿಂತ. ನಾನು ತುಟಿ ಬಿಗಿಹಿಡಿದೆ. ‘ತೊಟ್ಟಿ... ತೊಟ್ಟಿಕ್ಕು...’ ಎಂದು ಬೆರಳು ಸರಿಸಿದ, ಮತ್ತೆ ಹಿಂದಕ್ಕೆ ಹೋದ, ಆಮೇಲೆ ಇಡೀ ಪದವನ್ನು ಹೇಳಿದ. ತಲೆಯೆತ್ತಿ, ‘ಟೀಚರ್, ಅದೋ, ನಮ್ಮ ಸೂರಿನಿಂದಲೂ ತೊಟ್ಟಿಕ್ಕುತ್ತಿದೆ’ ಎಂದ.

ಸಂಜೆ ಸಿಗ್ನಲ್ ಸಿಗುವ ದಿಬ್ಬ ಹತ್ತಿ, ಕಾಲಿಗೆ ಹತ್ತಿದ ಇಂಬಳ ಕೀಳುತ್ತ ಅದನ್ನು ಕಳಿಸಿದೆ. ಪ್ರಮಾಣಪತ್ರ ಬಂತು. ಅದರಿಂದ ಸಂಬಳವೂ ಏರಲಿಲ್ಲ, ಬಡ್ತಿಯೂ ಬರಲಿಲ್ಲ. ಶಿಕ್ಷಕರಿಗೆ ವರ್ಷಕ್ಕೆ ಕನಿಷ್ಠ 50 ಗಂಟೆಗಳ ವೃತ್ತಿ ಕಲಿಕೆ ಬೇಕೆನ್ನುತ್ತದೆ ರಾಷ್ಟ್ರೀಯ ಶಿಕ್ಷಣ ನೀತಿ 2020. ಆ ಗಂಟೆಗಳ ಲೆಕ್ಕದ ಪಕ್ಕದಲ್ಲಿ ತರಗತಿಯ ಇಂಥ ಸಾಕ್ಷ್ಯಕ್ಕೂ ಜಾಗ ಬೇಕು. ಇತರ ಶಿಕ್ಷಕರಿಗೆ ತರಬೇತಿ ಕೊಡುವ ಸಂಪನ್ಮೂಲ ವ್ಯಕ್ತಿಗಳನ್ನು ಆರಿಸುವಾಗ ಅದಕ್ಕೆ ತೂಕ ಸಿಗಬೇಕು. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಭೆಯಲ್ಲಿ ಮಾತಾಡಲು ನನಗೆ ಕರೆ ಬಂದದ್ದೇ ಇಂಥ ಸಾಕ್ಷ್ಯದಿಂದ.

ಅಲ್ಲಿ ಎರಡೂ ಮುದ್ರಣಗಳನ್ನು ಕೇಳಿಸಿದೆ. ಹಿಂದಿನ ಸಾಲಿನಲ್ಲಿದ್ದ ಹಿರಿಯ ಶಿಕ್ಷಕರೊಬ್ಬರು ಮುಂದೆ ಬಂದು ಕೂತರು. ‘ಮೊದಲನೆಯದನ್ನು ಇನ್ನೊಮ್ಮೆ ಹಾಕಿ ಮೇಡಂ’ ಎಂದರು.