ಅಪ್ಪನನ್ನು ದಿನಾ ಸಂಜೆ ಕಟ್ಟೆಗೆ ಯಾಕೆ ಕರೆದುಕೊಂಡು ಹೋಗ್ತೀನಿ ಅಂದ್ರೆ

ಕೊಪ್ಪಳದಲ್ಲಿ ನೆಂಟರು, ಓಣಿಯವರು, ಕೊನೆಗೆ ಆಟೋದವರೂ ಕೇಳುವ ಪ್ರಶ್ನೆ ಒಂದೇ. “ಅಪ್ಪಾರಿಗೆ ಎಂಬತ್ತು ದಾಟೈತಿ, ಮೊಣಕಾಲು ನೋವು ಬ್ಯಾರೆ. ದಿನಾ ಸಂಜಿಗೆ ಕಟ್ಟಿ ಮ್ಯಾಲೆ ಯಾಕ್ ಕುಂದ್ರಸ್ತೀರಿ? ಮನಿಯಾಗ ಟಿವಿ ಐತಲ್ಲ?”

ಟಿವಿ ಇದೆ. ಆದರೆ ಟಿವಿ ಅಪ್ಪನಿಗೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಹೋದ ವಾರ ಕಟ್ಟೆಯ ಮೇಲೆ ತುಂಗಭದ್ರಾ ಡ್ಯಾಮಿನ ಮಾತು ಬಂತು. 19ನೇ ಗೇಟು ಕೊಚ್ಚಿಕೊಂಡು ಹೋಗಿದ್ದು 2023ರಲ್ಲಿ ಅಂತ ರಿಟೈರ್ಡ್ ಮಾಸ್ತರು ಅಂದರು. ಅಪ್ಪ ಸ್ವಲ್ಪ ಹೊತ್ತು ಬೆರಳು ಮಡಚುತ್ತಾ ಕೂತರು. ಆಮೇಲೆ, “ಇಲ್ಲ ಮಾಸ್ತರ, 23 ಬರಗಾಲ, ಡ್ಯಾಮ್ ತುಂಬಲೇ ಇಲ್ಲ. 24ರ ಆಗಸ್ಟ್ ಅದು. ನೀರೆಲ್ಲಾ ಹೋದ್ರ ಗಂಗಾವತಿ ಭತ್ತದ ಗತಿ ಏನಂತ ನೀವೇ ಇಲ್ಲಿ ಕುಂತು ಒದ್ದಾಡಿದ್ರಿ” ಅಂದರು. ಒಂದೇ ನಿಮಿಷದಲ್ಲಿ ಅವರು ಕೇಳಿಸಿಕೊಂಡು, ಹಳೆಯದನ್ನು ಹುಡುಕಿ ತೆಗೆದು, ಎರಡು ವರ್ಷಗಳ ಮಳೆ ತಾಳೆ ನೋಡಿ, ಮಾಸ್ತರಿಗೆ ಬೇಜಾರಾಗದ ಹಾಗೆ ಉತ್ತರ ಕೊಟ್ಟರು. ಇಷ್ಟು ಕೆಲಸವನ್ನು ಮೆದುಳಿಗೆ ಮನೆಯಲ್ಲಿ ಯಾರು ಕೊಡುತ್ತಾರೆ? ನಾವು ಕೇಳುವುದು “ಊಟ ಆಯ್ತಾ, ಗುಳಿಗೆ ತಗೊಂಡ್ರಾ” ಅಷ್ಟೇ ಅಲ್ವಾ.

ಇದು ಬರೀ ನನ್ನ ಅನಿಸಿಕೆ ಅಲ್ಲ. ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯ ತಜ್ಞರ ತಂಡ 2024ರಲ್ಲಿ ಒಂದು ವರದಿ ಕೊಟ್ಟಿತು. ಡಿಮೆನ್ಶಿಯಾ, ಅಂದರೆ ಮರೆವಿನ ಕಾಯಿಲೆಗೆ ದಾರಿ ಮಾಡುವ, ಆದರೆ ತಿದ್ದಿಕೊಳ್ಳಬಹುದಾದ 14 ಕಾರಣಗಳು ಅದರಲ್ಲಿವೆ. ಬಿಪಿ, ಶುಗರ್, ಸಿಗರೇಟಿನ ಜೊತೆಗೆ ಜನರ ಒಡನಾಟ ಇಲ್ಲದಿರುವುದೂ ಇದೆ. ಎಲ್ಲವನ್ನೂ ಸರಿಪಡಿಸಿದರೆ ಸುಮಾರು 45% ಪ್ರಕರಣಗಳನ್ನು ತಪ್ಪಿಸಬಹುದು ಅಥವಾ ಮುಂದೂಡಬಹುದು ಅನ್ನುತ್ತಾರೆ. ಹಾಗಂತ ಗೆಳೆತನ ಔಷಧಿ ಅಲ್ಲ. ಕೆಲವರಲ್ಲಿ ಕಾಯಿಲೆ ಶುರುವಾದ ಮೇಲೇ ಅವರು ಜನರಿಂದ ದೂರ ಸರಿಯುತ್ತಾರೆ, ಆದ್ದರಿಂದ ಯಾವುದು ಮೊದಲು ಅಂತ ಹೇಳುವುದು ಕಷ್ಟ. ಗೊತ್ತಿರುವ ಓಣಿಯಲ್ಲೇ ದಾರಿ ತಪ್ಪುತ್ತಿದ್ದರೆ ಕಟ್ಟೆ ಸಾಲದು, ಡಾಕ್ಟರಿಗೆ ತೋರಿಸಲೇಬೇಕು.

ಆ ಪಟ್ಟಿಯಲ್ಲಿ ಕಿವಿಯೂ ಇದೆ. ಇದನ್ನು ನಾವು ತಡವಾಗಿ ತಿಳಿದೆವು. ಎರಡು ವರ್ಷದ ಹಿಂದೆ ಅಪ್ಪ ಕಟ್ಟೆಗೆ ಹೋಗುವುದನ್ನೇ ಬಿಟ್ಟಿದ್ದರು, ವಯಸ್ಸಾಯ್ತು, ಬೇಜಾರು ಬಂದಿರಬೇಕು ಅಂತ ನಾವು ಸುಮ್ನಾದೆವು, ಆದರೆ ಅವರಿಗೆ ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಏನೂ ಕೇಳಿಸುತ್ತಿರಲಿಲ್ಲ. ಎಲ್ಲರೂ ನಕ್ಕಾಗ ತಾವೂ ನಕ್ಕು ಸಾಕಾಗಿತ್ತಂತೆ. ಕಿವಿಗೆ ಮಷಿನ್ ಹಾಕಿಸಿದ ಮೇಲೆ ಮತ್ತೆ ಹೊರಟರು.

ಅಮ್ಮನ ಬಗ್ಗೆ ಮಾತ್ರ ಯಾರೂ ಕೇಳುವುದಿಲ್ಲ. ಹೆಣ್ಣುಮಕ್ಕಳಿಗೆ ಕಟ್ಟೆ ಎಲ್ಲಿದೆ? ಬಾಲ್ಯದ ಗೆಳತಿಯರು ತವರಿನಲ್ಲೇ ಉಳಿದರು. ಮೊದಲು ಬೇಸಿಗೆಯಲ್ಲಿ ಶಾವಿಗೆ, ಹಪ್ಪಳ ಅಂತ ಓಣಿಯ ಹೆಂಗಸರೆಲ್ಲ ಒಂದು ಮನೆಯಲ್ಲಿ ಸೇರುತ್ತಿದ್ದರು, ಈಗ ಖಡಕ್ ರೊಟ್ಟಿ ಕೂಡ ಅಂಗಡಿಯಿಂದ ಬರುತ್ತದೆ. ಈ ವರ್ಷ ಅಮ್ಮ ಹಟ ಹಿಡಿದು ಮೂವರನ್ನು ಕರೆದು ಶಾವಿಗೆ ಹಾಕಿದರು. “ಅಂಗಡ್ಯಾಗ ಸಿಗ್ತಾವಲ್ಲ” ಅಂದೆ. “ಅಂಗಡ್ಯಾಗ ಶಾಂತಕ್ಕ ಸಿಗ್ತಾಳೇನು?” ಅಂದರು. ನಾಲ್ಕು ಕಿಲೋ ಶಾವಿಗೆಗೆ ಎರಡು ದಿನ ಹಿಡಿಯಿತು, ಮೂರನೇ ದಿನವೂ ಮೂವರೂ ಬಂದಿದ್ದರು.